ಜಾಮೀನಿಗೆ ಬೀಗವಿದೆ, ವಿಚಾರಣೆಗೆ ಗಡುವಿಲ್ಲ

ಸಂಘಟಿತ ಅಪರಾಧದ ಕೇಸುಗಳಲ್ಲಿ ಜಾಮೀನು ಯಾಕೆ ಅಷ್ಟು ಕಷ್ಟ? ಕೊನೆಗೂ ಸಿಕ್ಕಾಗ ಯಾವ ಕಾರಣಕ್ಕೆ ಸಿಗುತ್ತದೆ? ಟೆಕ್ಸಸ್‌ನ ವಾಕೋ ಪ್ರಕರಣವನ್ನೂ ಬೆಂಗಳೂರಿನ ಗೌರಿ ಲಂಕೇಶ್ ಪ್ರಕರಣವನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಯತ್ನ ಇದು.

ಊರಿಂದ ಬಂದ ಮಾವನವರಿಗೆ ನಾಸಾ ಎರಡೇ ದಿನಕ್ಕೆ ಸಾಕಾಯಿತು. ಕ್ಲಿಯರ್ ಲೇಕ್‌ನಲ್ಲಿ ಮನೆ ಮಾಡಿರುವ ನಮ್ಮಂಥವರು ಬಂದ ನೆಂಟರಿಗೆಲ್ಲ ತೋರಿಸುವುದು ಅದನ್ನೇ: ಜಾನ್ಸನ್ ಬಾಹ್ಯಾಕಾಶ ಕೇಂದ್ರ, ಉದ್ದಕ್ಕೆ ಮಲಗಿಸಿಟ್ಟ ಸ್ಯಾಟರ್ನ್ ರಾಕೆಟ್, ಸಂಜೆಗೆ ಕೆಮಾದ ಕಡಲಂಚು. ಮಾವನವರು ಕರ್ನಾಟಕದ ಕೋರ್ಟುಗಳಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. "ರಾಕೆಟ್ಟು ಆಯ್ತಪ್ಪ, ಇಲ್ಲಿಯ ಕೋರ್ಟು ಹೇಗಿರುತ್ತೆ ತೋರಿಸು" ಅಂದರು. ಗಲ್ಫ್ ಫ್ರೀವೇ ಹಿಡಿದು ನಲವತ್ತು ಕಿಲೋಮೀಟರ್ ಉತ್ತರಕ್ಕೆ, ಹ್ಯೂಸ್ಟನ್ ಪೇಟೆಯ ನಡುವಿಗೆ ಕರೆದುಕೊಂಡು ಹೋದೆ.

ಬಫಲೋ ಬಾಯೂ ಎಂಬ ಮಂದಗತಿಯ ತೊರೆಯ ಆಸುಪಾಸಿನಲ್ಲಿ ಹ್ಯಾರಿಸ್ ಕೌಂಟಿಯ ಕ್ರಿಮಿನಲ್ ಕೋರ್ಟು ಇದೆ, ಜೈಲೂ ಇದೆ. ಸುತ್ತಲಿನ ಬೀದಿಗಳಲ್ಲಿ ಮಾವನವರ ಕಣ್ಣಿಗೆ ಬಿದ್ದದ್ದು ಕೆಂಪು, ನೀಲಿ ಬಣ್ಣದ ನಿಯಾನ್ ಬೋರ್ಡುಗಳು. ಬೇಲ್ ಬಾಂಡ್ಸ್, 24 ಗಂಟೆ. ಪಕ್ಕದಲ್ಲೇ ಸ್ಪ್ಯಾನಿಷ್‌ನಲ್ಲಿ ಫಿಯಾನ್ಸಾಸ್. ಏನಿದು ಎಂದು ಕೇಳಿದರು. ಜಾಮೀನಿನ ಅಂಗಡಿ ಎಂದೆ. ನ್ಯಾಯಾಧೀಶರು ಗೊತ್ತುಮಾಡಿದ ಮೊತ್ತದ ಹತ್ತರಲ್ಲೊಂದು ಪಾಲಿನಷ್ಟು ಹಣವನ್ನು ಇವರಿಗೆ ಕೊಟ್ಟರೆ ಉಳಿದದ್ದಕ್ಕೆ ಇವರು ಕೋರ್ಟಿನ ಮುಂದೆ ಜವಾಬ್ದಾರರಾಗುತ್ತಾರೆ. ಕೊಟ್ಟದ್ದು ಇವರ ಫೀಸು, ವಾಪಸು ಬರುವುದಿಲ್ಲ.

ಮಾವನವರು ನಕ್ಕರು. "ನಮ್ಮಲ್ಲಿ ಜಾಮೀನು ನಿಲ್ಲೋರು ಪಹಣಿ ಹಿಡ್ಕೊಂಡು ಕಾಂಪೌಂಡಿನ ಹೊರಗೆ ನಿಂತಿರ್ತಾರೆ, ಇಲ್ಲಿ ಬೋರ್ಡು ಹಾಕ್ಕೊಂಡು ಕೂತಿದಾರೆ, ಅಷ್ಟೇ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ದೊಡ್ಡ ಗ್ಯಾಂಗಿನ ಕೇಸಾದ್ರೆ? ಆಗಲೂ ದುಡ್ಡು ಕಟ್ಟಿದ್ರೆ ಬಿಟ್ಟುಬಿಡ್ತಾರಾ?"

ಈ ಪ್ರಶ್ನೆಗೆ ಟೆಕ್ಸಸ್ಸಿನಲ್ಲೇ ಒಂದು ಉತ್ತರವಿದೆ. ಅದಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಳನಾಡಿಗೆ ಹೋಗಬೇಕು.

ವಾಕೋದ ಹತ್ತು ಲಕ್ಷ ಡಾಲರ್

ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ಐ-35 ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ನಟ್ಟನಡುವೆ ಸಿಗುವ ಊರು ವಾಕೋ. 2015ರ ಮೇ 17, ಭಾನುವಾರ ಮಧ್ಯಾಹ್ನ ಅಲ್ಲಿಯ ಟ್ವಿನ್ ಪೀಕ್ಸ್ ಹೋಟೆಲಿನ ಅಂಗಳದಲ್ಲಿ ಬ್ಯಾಂಡಿಡೋಸ್, ಕೊಸ್ಸಾಕ್ಸ್ ಎಂಬ ಎರಡು ಬೈಕ್ ಕೂಟಗಳ ನಡುವೆ ಜಗಳ ಹತ್ತಿ ಗುಂಡು ಹಾರಿತು. ಪೊಲೀಸರೂ ಗುಂಡು ಹಾರಿಸಿದರು. ಒಂಬತ್ತು ಮಂದಿ ಸತ್ತರು. ಪೊಲೀಸರು 177 ಮಂದಿಯನ್ನು ಒಂದೇ ಏಟಿಗೆ ಬಂಧಿಸಿದರು.

ಹಿಡಿದವರೆಲ್ಲರ ಮೇಲೂ ಒಂದೇ ಆರೋಪ: ಸಂಘಟಿತ ಅಪರಾಧದಲ್ಲಿ ತೊಡಗಿದ್ದು. ಟೆಕ್ಸಸ್ ದಂಡಸಂಹಿತೆಯ 71ನೇ ಅಧ್ಯಾಯದ ಪ್ರಕಾರ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಅಪರಾಧಕ್ಕಿಳಿದರೆ ಶಿಕ್ಷೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲೇರುತ್ತದೆ. ಬಂಧನಕ್ಕೆ ಆಧಾರವಾದ ಪೊಲೀಸರ ಪ್ರಮಾಣಪತ್ರವೂ ಎಲ್ಲರಿಗೂ ಒಂದೇ. ಹೆಸರಿನ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಮೊದಲೇ ಅಚ್ಚುಹಾಕಿದ್ದ ಫಾರಂ ಅದು. ಜಾಮೀನು ಗೊತ್ತುಮಾಡಿದವರು ಸ್ಥಳೀಯ ಜಸ್ಟಿಸ್ ಆಫ್ ದ ಪೀಸ್. ಟೆಕ್ಸಸ್ಸಿನಲ್ಲಿ ಈ ಹುದ್ದೆಗೆ ವಕೀಲಿ ಓದಿರಬೇಕೆಂದೇನಿಲ್ಲ, ಜನರ ಮತ ಬಿದ್ದರೆ ಸಾಕು. ಅವರು ಒಬ್ಬೊಬ್ಬರಿಗೂ ಹತ್ತು ಲಕ್ಷ ಡಾಲರ್ ಎಂದು ಬರೆದರು. ಅಂದಿನ ಲೆಕ್ಕದಲ್ಲಿ ತಲೆಗೆ ಆರು ಕೋಟಿ ರೂಪಾಯಿ ಮೀರಿದ ಮೊತ್ತ. ಅಂಗಡಿಯವನ ಹತ್ತರಲ್ಲೊಂದು ಪಾಲೇ ಲಕ್ಷ ಡಾಲರ್.

ಟೆಕ್ಸಸ್ ಸಂವಿಧಾನ ಬಹುಪಾಲು ಆರೋಪಿಗಳಿಗೆ ಜಾಮೀನಿನ ಹಕ್ಕು ಕೊಟ್ಟಿದೆ. ಬಾಗಿಲು ಮುಚ್ಚುವ ಅಧಿಕಾರ ಇಲ್ಲದಲ್ಲಿ ಹೊಸ್ತಿಲನ್ನು ಏರಿಸುವ ಉಪಾಯ ನಡೆಯುತ್ತದೆ. ಹತ್ತು ಲಕ್ಷ ಎಂಬ ಅಂಕಿ ಮಾಡಿದ್ದು ಅದನ್ನೇ. ಯಾರು ಗುಂಡು ಹಾರಿಸಿದರು, ಯಾರು ಮೇಜಿನ ಕೆಳಗೆ ಅಡಗಿ ಕೂತಿದ್ದರು ಎಂಬ ಭೇದ ಅದರಲ್ಲಿ ಇರಲಿಲ್ಲ. ವಾರಗಳು ಕಳೆಯುತ್ತಿದ್ದಂತೆ ಮೊತ್ತಗಳು ಇಳಿದು ಜನ ಒಬ್ಬೊಬ್ಬರಾಗಿ ಹೊರಬಂದರು. ಅಷ್ಟರಲ್ಲಿ ಕೆಲಸ ಹೋದವರಿದ್ದರು.

ಮುಂದೇನಾಯಿತು? 150ಕ್ಕೂ ಹೆಚ್ಚು ಮಂದಿಯ ಮೇಲೆ ದೋಷಾರೋಪ ಹೊರಿಸಿದರು. ವಿಚಾರಣೆ ನಡೆದದ್ದು ಒಬ್ಬನೇ ಒಬ್ಬನದು. 2017ರ ನವೆಂಬರ್‌ನಲ್ಲಿ ಜ್ಯೂರಿ ಒಮ್ಮತಕ್ಕೆ ಬಾರದೆ ಅದೂ ಮುರಿದುಬಿತ್ತು. ಸರ್ಕಾರಿ ವಕೀಲರಾಗಿದ್ದ ಏಬೆಲ್ ರೇನಾ ಮರುವರ್ಷ ಚುನಾವಣೆಯಲ್ಲಿ ಸೋತರು. ಅವರ ಜಾಗಕ್ಕೆ ಬಂದ ಬ್ಯಾರಿ ಜಾನ್ಸನ್ 2019ರ ಏಪ್ರಿಲ್ 2ರಂದು ಉಳಿದಿದ್ದ ಕೇಸುಗಳನ್ನೆಲ್ಲ ಕೈಬಿಟ್ಟರು. ಒಂಬತ್ತು ಸಾವು, 177 ಬಂಧನ, ಶಿಕ್ಷೆ ಸೊನ್ನೆ.

ಕೋಕಾ ಕೇಳುವ ಎರಡು ಪ್ರಶ್ನೆ

ನಮ್ಮಲ್ಲಿ ಹೊಸ್ತಿಲು ಏರಿಸುವ ತಾಪತ್ರಯವಿಲ್ಲ, ಕಾಯ್ದೆಯೇ ಬಾಗಿಲಿಗೆ ಬೀಗ ಹಾಕುತ್ತದೆ. 1999ರಲ್ಲಿ ಮಹಾರಾಷ್ಟ್ರ ಮೋಕಾ ತಂದಿತು. ಅದರದೇ ಅಚ್ಚಿನಲ್ಲಿ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, 2000 ಬಂತು. ಪತ್ರಿಕೆಗಳ, ಪೊಲೀಸರ ಬಾಯಲ್ಲಿ ಅದು ಕೋಕಾ.

ಕೋಕಾ ಹಾಕಬೇಕಾದರೆ ಕೂಟವೊಂದು ಇರಬೇಕು. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗುವಂಥ ಅಪರಾಧಗಳ ಬಗ್ಗೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿ ಕೋರ್ಟು ಅವುಗಳನ್ನು ಗಣನೆಗೆ ತೆಗೆದುಕೊಂಡಿರಬೇಕು. ಎಫ್ಐಆರ್‌ಗೆ ಮೊದಲು ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಬಿದ್ದ ಗಳಿಗೆಯಿಂದ ಕೇಸಿನ ಬಣ್ಣವೇ ಬೇರೆ. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. ಸಾಮಾನ್ಯ ಕೇಸಿನಲ್ಲಿ ಪೊಲೀಸರ ಮುಂದೆ ಹೇಳಿದ ಮಾತಿಗೆ ಆ ಬೆಲೆ ಇಲ್ಲ. ಆರೋಪಪಟ್ಟಿಗಿರುವ 90 ದಿನದ ಗಡುವನ್ನು 180 ದಿನಕ್ಕೆ ಹಿಗ್ಗಿಸಬಹುದು. ನಿರೀಕ್ಷಣಾ ಜಾಮೀನಿನ ಮಾತೇ ಇಲ್ಲ.

ಬೀಗ ಇರುವುದು 22ನೇ ಕಲಮಿನ ನಾಲ್ಕನೇ ಉಪಕಲಮಿನಲ್ಲಿ. ಸರ್ಕಾರಿ ವಕೀಲರು ವಿರೋಧಿಸಿದರೆ ನ್ಯಾಯಾಧೀಶರಿಗೆ ಎರಡು ವಿಷಯ ಮನದಟ್ಟಾಗಬೇಕು. ಆರೋಪಿ ಅಪರಾಧಿಯಲ್ಲ ಎಂದು ನಂಬಲು ಸಕಾರಣವಿದೆ ಎನ್ನುವುದು ಒಂದು. ಹೊರಗೆ ಬಿಟ್ಟರೆ ಅವನು ಅಪರಾಧ ಮಾಡುವ ಸಂಭವವಿಲ್ಲ ಎನ್ನುವುದು ಇನ್ನೊಂದು. ವಕೀಲರು ಇದನ್ನು ಜೋಡಿ ಷರತ್ತು ಎನ್ನುತ್ತಾರೆ. ಟಾಡಾದಲ್ಲಿ ಇದೇ ಇತ್ತು, ಮಾದಕವಸ್ತು ಕಾಯ್ದೆಯ 37ನೇ ಕಲಮಿನಲ್ಲಿ ಇದೇ ಇದೆ, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲೂ ಇದೆ.

ಸಾಮಾನ್ಯ ಜಾಮೀನು ಅರ್ಜಿಯಲ್ಲಿ ನ್ಯಾಯಾಧೀಶರು ನೋಡುವುದು ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಆರೋಪ ಎಷ್ಟು ಗಂಭೀರ ಎಂಬುದನ್ನು. ಕೋಕಾದಲ್ಲಿ ಅವರು ತೀರ್ಪಿನ ದಿನದ ಪ್ರಶ್ನೆಗೆ ಮೊದಲ ದಿನವೇ ಮುಖಾಮುಖಿಯಾಗಬೇಕು. ಎದುರಿಗಿರುವುದು ಪೊಲೀಸರ ಕಾಗದ ಮಾತ್ರ. ಸಾಕ್ಷಿ ಕಟಕಟೆ ಹತ್ತಿಲ್ಲ, ಪಾಟೀಸವಾಲು ಆಗಿಲ್ಲ. ಅಕ್ಕಿ ಇನ್ನೂ ಒಲೆ ಏರಿಲ್ಲ, ಅಗುಳು ಹಿಸುಕಿ ನೋಡಿ ಹೇಳಿ ಎನ್ನುತ್ತದೆ ಕಾಯ್ದೆ.

ಛಾಪಾ ಕಾಗದದ ಕೇಸು ಕಲಿಸಿದ್ದು

ಈ ತೊಡಕನ್ನು ಸುಪ್ರೀಂ ಕೋರ್ಟ್ ಬಿಡಿಸಿ ನೋಡಿದ್ದು ನಮ್ಮ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ದೆಸೆಯಿಂದ. ನಕಲಿ ಛಾಪಾ ಕಾಗದದ ಹಗರಣ ಬಿಚ್ಚಿಕೊಂಡಾಗ ಆಗತಾನೇ ನಿವೃತ್ತರಾಗಿದ್ದ ಮುಂಬೈ ಪೊಲೀಸ್ ಕಮಿಷನರ್ ರಂಜಿತ್ ಸಿಂಗ್ ಶರ್ಮಾ ಅವರನ್ನೇ ಮೋಕಾ ಅಡಿ ಬಂಧಿಸಿದರು. 2005ರ ಏಪ್ರಿಲ್‌ನಲ್ಲಿ ಅವರಿಗೆ ಜಾಮೀನು ಕೊಟ್ಟ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ. ಆರೋಪಿ ನಿರಪರಾಧಿ ಎಂದು ಜಾಮೀನಿನ ಹಂತದಲ್ಲೇ ಖಡಾಖಂಡಿತವಾಗಿ ಹೇಳಬೇಕಾಗಿಲ್ಲ, ಹಾಗೆ ಓದಿದರೆ ಯಾರಿಗೂ ಜಾಮೀನು ಸಿಗುವುದಿಲ್ಲ ಎಂಬುದು ಅದರ ತಿರುಳು. ಮೇಲ್ನೋಟದ ಸಂಭವ ಎಷ್ಟಿದೆ ಎಂದು ತೂಗಿದರೆ ಸಾಕು. ಮುಂದೆ ಮಾಡಬಹುದಾದ ಅಪರಾಧ ಎಂದರೆ ಟ್ರಾಫಿಕ್ ಸಿಗ್ನಲ್ ದಾಟುವುದಲ್ಲ, ಈ ಕಾಯ್ದೆಯ ಜಾತಿಗೆ ಸೇರುವಂಥ ಅಪರಾಧ. ಶರ್ಮಾ ಮುಂದೆ ಆರೋಪಮುಕ್ತರೂ ಆದರು.

ಬೀಗದ ಕೀಲಿಗೆ ಎಣ್ಣೆ ಬಿದ್ದಂತಾಯಿತು, ನಿಜ. ಆದರೂ ಬೀಗ ಬೀಗವೇ.

ರಾಜರಾಜೇಶ್ವರಿ ನಗರದ ಮನೆ ಬಾಗಿಲು

2017ರ ಸೆಪ್ಟೆಂಬರ್ 5ರ ಸಂಜೆ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯೆದುರೇ ಗುಂಡಿಟ್ಟು ಕೊಂದರು. ತನಿಖೆಗೆ ಎಸ್‌ಐಟಿ ರಚನೆಯಾಯಿತು. 2018ರ ಆಗಸ್ಟ್‌ನಲ್ಲಿ ಕೋಕಾಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷದ ನವೆಂಬರ್‌ನಲ್ಲಿ 18 ಮಂದಿಯ ಮೇಲೆ 9,235 ಪುಟಗಳ ಆರೋಪಪಟ್ಟಿ ಸಲ್ಲಿಕೆಯಾಯಿತು.

ಆರೋಪಿಗಳಲ್ಲಿ ಮೋಹನ್ ನಾಯಕ್ ಒಬ್ಬರು. ಕುಂಬಳಗೋಡಿನಲ್ಲಿ ಆಕ್ಯುಪ್ರೆಶರ್ ಚಿಕಿತ್ಸಾಲಯದ ನೆಪದಲ್ಲಿ ಮನೆ ಬಾಡಿಗೆಗೆ ಹಿಡಿದು ಸಂಚುಕೋರರಿಗೆ ನೆಲೆ ಕೊಟ್ಟರು ಎಂಬುದು ಅವರ ಮೇಲಿನ ಆರೋಪ. ತಮ್ಮ ಮೇಲೆ ಹಿಂದಿನ ಆರೋಪಪಟ್ಟಿಗಳೇ ಇಲ್ಲದಿರುವಾಗ ಕೋಕಾ ಹೇಗೆ ಹಾಕಿದಿರಿ ಎಂದು ಅವರು ಹೈಕೋರ್ಟಿಗೆ ಹೋದರು. 2021ರ ಏಪ್ರಿಲ್ 22ರಂದು ಹೈಕೋರ್ಟ್ ಅವರ ಮಟ್ಟಿಗೆ ಕೋಕಾವನ್ನು ತೆಗೆದುಹಾಕಿತು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಗೌರಿಯವರ ತಂಗಿ, ಚಿತ್ರ ನಿರ್ದೇಶಕಿ ಕವಿತಾ ಲಂಕೇಶ್. ಅಕ್ಟೋಬರ್ 21ರಂದು ಅಲ್ಲಿ ತೀರ್ಪು ತಿರುಗಿತು. ಹಿಂದಿನ ಆರೋಪಪಟ್ಟಿಗಳು ಕೂಟದ ಮೇಲಿದ್ದರೆ ಸಾಕು, ಅದರೊಳಗಿನ ಪ್ರತಿಯೊಬ್ಬನ ಮೇಲೂ ಇರಬೇಕಾಗಿಲ್ಲ ಎಂದಿತು ಕೋರ್ಟು. ಕೋಕಾ ಉಳಿಯಿತು. ಜೊತೆಗೆ ಬೀಗವೂ ಉಳಿಯಿತು.

ಹಾಗಿದ್ದೂ 2023ರ ಡಿಸೆಂಬರ್ 7ರಂದು ಕರ್ನಾಟಕ ಹೈಕೋರ್ಟ್ ಮೋಹನ್ ನಾಯಕ್ ಅವರಿಗೇ ಜಾಮೀನು ಕೊಟ್ಟಿತು. ಈ ಪ್ರಕರಣದ ಮೊದಲ ಜಾಮೀನು ಅದು. ನ್ಯಾಯಮೂರ್ತಿ ಎಸ್. ವಿಶ್ವಜಿತ್ ಶೆಟ್ಟಿ ಅವರ ಆದೇಶ ಸಾಕ್ಷ್ಯದ ಬಲವನ್ನೂ ತೂಗಿ ನೋಡಿತು. ಅದರ ಬೆನ್ನೆಲುಬಾಗಿದ್ದದ್ದು ಮಾತ್ರ ಕಾಲದ ಲೆಕ್ಕ. ಆರೋಪಿ ಐದು ವರ್ಷಕ್ಕೂ ಮೀರಿ ಒಳಗಿದ್ದಾರೆ. ಆರೋಪ ಹೊರಿಸಿದ ಕಲಮುಗಳಿಗೆ ಇರುವ ಕನಿಷ್ಠ ಶಿಕ್ಷೆಯೇ ಐದು ವರ್ಷ. ಆರೋಪಪಟ್ಟಿಯಲ್ಲಿರುವ ಸಾಕ್ಷಿಗಳು 527, ವಿಚಾರಣೆಯಾದವರು 90. ತಡವಾದದ್ದು ಆರೋಪಿಯಿಂದಲ್ಲ.

ಈ ಎರಡು ಅಂಕಿಗಳನ್ನು ಮಾವನವರ ಮುಂದಿಟ್ಟೆ. ಸಾಕ್ಷಿ ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ. ಹದಿನೇಳು ತಿಂಗಳಿಗೆ 90 ಎಂದರೆ ತಿಂಗಳಿಗೆ ಐದು ಚಿಲ್ಲರೆ. ಉಳಿದ 437 ಮಂದಿ ಅದೇ ಓಟದಲ್ಲಿ ಬಂದರೆ ಇನ್ನೂ ಏಳು ವರ್ಷದ ಹತ್ತಿರ. ಮಾವನವರು ಬೆರಳು ಮಡಿಸುತ್ತಾ ಎಣಿಸಿ, "ಎಲ್ಲರನ್ನೂ ಕರೆಸಲ್ಲ ಬಿಡು, ನೂರೈವತ್ತು ಜನಾನ ಕೈಬಿಡ್ತಾರೆ" ಅಂದರು. ಕೈಬಿಟ್ಟರೂ ನಾಲ್ಕೂವರೆ ವರ್ಷ ಆಗುತ್ತದೆ ಎಂದೆ. ಮರುಮಾತಾಡಲಿಲ್ಲ.

ಕವಿತಾ ಲಂಕೇಶ್ ಜಾಮೀನನ್ನೂ ಪ್ರಶ್ನಿಸಿದರು. 2024ರ ಆಗಸ್ಟ್ 20ರಂದು ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಆರೋಪಿ ವಿಚಾರಣೆಗೆ ಸಹಕರಿಸುತ್ತಿದ್ದಾರೆ, ವಾಯಿದೆ ಕೇಳಿಲ್ಲ ಎಂಬುದು ಅಲ್ಲಿ ಗಣನೆಗೆ ಬಂತು. ವಿಚಾರಣೆ ಬೇಗ ಮುಗಿಸಿ ಎಂಬ ಸೂಚನೆಯೂ ಬಂತು. ಅದಕ್ಕೆ ಮುನ್ನ ಜುಲೈನಲ್ಲಿ ಮೂವರಿಗೆ ಹೈಕೋರ್ಟಿನಿಂದ, ಆಮೇಲೆ ಇನ್ನುಳಿದವರಿಗೆ ತಂಡ ತಂಡವಾಗಿ ಹೈಕೋರ್ಟಿನಿಂದಲೂ ವಿಶೇಷ ನ್ಯಾಯಾಲಯದಿಂದಲೂ ಜಾಮೀನು ಸಿಕ್ಕಿತು. 2025ರ ಜನವರಿ ಹೊತ್ತಿಗೆ ಬಂಧಿತರಾಗಿದ್ದ 17 ಮಂದಿಗೂ ಈ ಮೊಕದ್ದಮೆಯ ಮಟ್ಟಿಗೆ ಜಾಮೀನಾಗಿತ್ತು. ಹದಿನೆಂಟನೆಯವನು ಸಿಕ್ಕಿರಲೇ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಹೊರಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದ ಚಿತ್ರಗಳನ್ನು ನಾವು ಇಲ್ಲಿಂದಲೇ ಫೋನಿನಲ್ಲಿ ನೋಡಿದೆವು. ಹಾರ ಹಾಕಿದವರಿಗೂ, ಅದನ್ನು ನೋಡಿ ಕೇಸೇ ಬಿದ್ದುಹೋಯಿತು ಎಂದು ನೊಂದವರಿಗೂ ಆದದ್ದು ಒಂದೇ ತಪ್ಪು. ಇಬ್ಬರೂ ಜಾಮೀನನ್ನು ಖುಲಾಸೆ ಎಂದುಕೊಂಡಿದ್ದರು. ಇವರು ನಿರಪರಾಧಿಗಳು ಎಂದು ಯಾವ ಕೋರ್ಟೂ ಹೇಳಿರಲಿಲ್ಲ. ಇಷ್ಟು ಕಾಲ ವಿಚಾರಣೆ ಮುಗಿಸದೆ ಇಟ್ಟುಕೊಳ್ಳುವಂತಿಲ್ಲ ಎಂದಷ್ಟೇ ಹೇಳಿದ್ದು.

ಇದಕ್ಕೆ ದಾರಿ ಮಾಡಿಕೊಟ್ಟದ್ದು 2021ರ ಫೆಬ್ರವರಿ 1ರ ಕೆ.ಎ. ನಜೀಬ್ ತೀರ್ಪು. ಯುಎಪಿಎಯಂಥ ಕಾಯ್ದೆಯ ಕಟ್ಟುಪಾಡು ಏನೇ ಇರಲಿ, ವಿಚಾರಣೆ ಸದ್ಯಕ್ಕೆ ಮುಗಿಯುವಂತಿಲ್ಲದಿದ್ದರೆ ಸಂವಿಧಾನದ 21ನೇ ವಿಧಿ ಕೊಡುವ ಜೀವ, ಸ್ವಾತಂತ್ರ್ಯದ ಹಕ್ಕು ಮೇಲುಗೈ ಪಡೆಯುತ್ತದೆ ಎಂದಿತು ಸುಪ್ರೀಂ ಕೋರ್ಟ್. ಮುಂಬಾಗಿಲ ಬೀಗ ಹಾಗೇ ಇದೆ, ಹಿತ್ತಿಲ ಬಾಗಿಲನ್ನು ಕಾಲವೇ ತೆಗೆಯುತ್ತದೆ. ಇದರಿಂದ ಯಾರಿಗೆ ಲಾಭ? ನಿಜಕ್ಕೂ ತಪ್ಪು ಮಾಡದವನೊಬ್ಬ ಒಳಗಿದ್ದರೆ ಅವನ ಐದು ವರ್ಷ ಹೋಯಿತು. ತಪ್ಪು ಮಾಡಿದವನಿದ್ದರೆ ಅವನು ತೀರ್ಪಿಲ್ಲದೆ ಊರಿಗೆ ಬಂದ. ಕೋಕಾವನ್ನು ಉಳಿಸಿಕೊಳ್ಳಲು ದೆಹಲಿಯವರೆಗೂ ಹೋದ ತಂಗಿಗೆ ಸಿಕ್ಕದ್ದು ಇನ್ನೊಂದು ತಾರೀಖು.

ಹೊರೆ ಯಾರ ಹೆಗಲಿಗೆ

ಅಮೆರಿಕದ ಕೇಂದ್ರ ಸರ್ಕಾರದ ಕೋರ್ಟುಗಳಲ್ಲಿ ದುಡ್ಡಿನ ಆಟ ಕಡಿಮೆ. ಅಪಾಯಕಾರಿ ಆರೋಪಿಯನ್ನು ಜಾಮೀನಿಲ್ಲದೆ ಇಟ್ಟುಕೊಳ್ಳಲು 1984ರ ಬೇಲ್ ರಿಫಾರ್ಮ್ ಆಕ್ಟ್ ನೇರ ದಾರಿ ಕೊಟ್ಟಿತು. ಅದನ್ನು ಪ್ರಶ್ನಿಸಿದವನು ನ್ಯೂಯಾರ್ಕ್ ಮಾಫಿಯಾದ ಆಂಥೋನಿ ಸಲೆರ್ನೋ. 1987ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಎತ್ತಿಹಿಡಿಯಲು ಕೊಟ್ಟ ಕಾರಣಗಳಲ್ಲಿ ಎರಡು ನಮಗೆ ಮುಖ್ಯ. ಆರೋಪಿ ಅಪಾಯಕಾರಿ ಎಂದು ಸರ್ಕಾರವೇ ಗಟ್ಟಿ ಸಾಕ್ಷ್ಯದಿಂದ ತೋರಿಸಬೇಕು. ಮತ್ತೆ, ತ್ವರಿತ ವಿಚಾರಣೆಯ ಕಾಯ್ದೆ ಪಕ್ಕದಲ್ಲೇ ಇರುವುದರಿಂದ ಬಂಧನ ಅನಂತವಾಗಿ ಎಳೆಯುವುದಿಲ್ಲ. 1974ರ ಆ ಕಾಯ್ದೆ ದೋಷಾರೋಪವಾದ 70 ದಿನದೊಳಗೆ ವಿಚಾರಣೆ ಶುರುವಾಗಬೇಕು ಎನ್ನುತ್ತದೆ. ಕಳೆಯಬಹುದಾದ ದಿನಗಳ ಪಟ್ಟಿ ಉದ್ದವಿದೆ, ದೊಡ್ಡ ಕೇಸುಗಳಲ್ಲಿ ಈ ಗಡುವು ಹಿಗ್ಗುತ್ತದೆ. ಆದರೂ ಗೋಡೆಯ ಮೇಲೆ ಗಡಿಯಾರವಿದೆ.

ಟೆಕ್ಸಸ್ ಈ ದಾರಿಗೆ ತಡವಾಗಿ ಬಂದಿದೆ. 2017ರಲ್ಲಿ ಹ್ಯೂಸ್ಟನ್‌ನ ಫೆಡರಲ್ ನ್ಯಾಯಾಧೀಶೆ ಲೀ ರೋಸೆಂತಾಲ್, ಸಣ್ಣ ಅಪರಾಧಗಳಲ್ಲಿ ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಜನರನ್ನು ಜೈಲಿನಲ್ಲಿಡುತ್ತಿದ್ದ ಹ್ಯಾರಿಸ್ ಕೌಂಟಿಯ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ದೀರ್ಘ ತೀರ್ಪು ಬರೆದರು. ಇನ್ನೊಂದು ಕಡೆ, 2025ರ ನವೆಂಬರ್ 4ರಂದು ರಾಜ್ಯದ ಮತದಾರರು ಸಂವಿಧಾನಕ್ಕೇ ತಿದ್ದುಪಡಿ ತಂದರು. ಕೊಲೆ, ಮಾನವ ಕಳ್ಳಸಾಗಣೆಯಂಥ ಕೆಲವು ಘೋರ ಆರೋಪಗಳಲ್ಲಿ ಈಗ ಜಾಮೀನನ್ನು ನೇರವಾಗಿ ನಿರಾಕರಿಸಬಹುದು. ನಮ್ಮ ಕೋಕಾಕ್ಕೆ ಹತ್ತಿರ ಬಂದಂತೆ ಕಾಣುತ್ತದೆ. ಓದಿ ನೋಡಿದರೆ ತಕ್ಕಡಿ ತಲೆಕೆಳಗು. ಆರೋಪಿ ಹೊರಗಿದ್ದರೆ ಜನರಿಗೆ ಅಪಾಯ ಎಂದು ಇಲ್ಲಿ ಸರ್ಕಾರಿ ವಕೀಲರು ತೋರಿಸಿಕೊಡಬೇಕು, ಆರೋಪಿಯ ಪಕ್ಕದಲ್ಲಿ ವಕೀಲರಿರಬೇಕು, ನಿರಾಕರಿಸಿದ ನ್ಯಾಯಾಧೀಶರು ಕಾರಣವನ್ನು ಬರೆಯಬೇಕು. ಕೋಕಾದಲ್ಲಿ ತಾನು ತಪ್ಪಿತಸ್ಥನಲ್ಲ, ಮುಂದೆಯೂ ತಪ್ಪು ಮಾಡುವವನಲ್ಲ ಎಂದು ತೋರಿಸುವ ಹೊರೆ ಒಳಗಿರುವವನದೇ.

ನಮ್ಮಲ್ಲೂ ಗಾಳಿ ಸ್ವಲ್ಪ ತಿರುಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸಂಘಟಿತ ಅಪರಾಧವನ್ನು ದೇಶದ ಸಾಮಾನ್ಯ ಕಾನೂನಿನೊಳಗೇ ತಂದಿದೆ. ಅದರ ವ್ಯಾಖ್ಯೆಯಲ್ಲಿ ಮೋಕಾದ ನೆರಳಿದೆ, ಜೋಡಿ ಷರತ್ತು ಮಾತ್ರ ಇಲ್ಲ. ಒಂದೇ ಬಗೆಯ ಕೂಟ, ಒಂದೇ ಬಗೆಯ ಕೃತ್ಯ. ಕೋಕಾ ಅಡಿ ದಾಖಲಾದರೆ ಬೀಗ, ಸಂಹಿತೆಯ ಅಡಿ ದಾಖಲಾದರೆ ಸಾಮಾನ್ಯ ಬಾಗಿಲು. ಯಾವುದು ಎಂದು ಆರಿಸುವುದು ಪೊಲೀಸರ ಕೈಯಲ್ಲಿದೆ.

ಆರ್ಡರ್ ಶೀಟು

ಮನೆಗೆ ಹಿಂತಿರುಗುವಾಗ ಮಾವನವರು ಕೇಸಿನ ಸುದ್ದಿ ಬಿಟ್ಟು ಆರ್ಡರ್ ಶೀಟಿನ ಬಗ್ಗೆ ಮಾತಾಡಿದರು. ಪ್ರತಿ ಕಡತದ ಜೊತೆಗಿರುವ ಉದ್ದನೆಯ ಹಾಳೆಗಳು ಅವು. ಕೇಸು ಕರೆದ ಪ್ರತಿ ದಿನಕ್ಕೂ ಅದರಲ್ಲಿ ಒಂದು ಬರಹ: ಯಾರು ಹಾಜರು, ಯಾರು ಗೈರು, ಮುಂದಿನ ತಾರೀಖು ಯಾವಾಗ. "ಸಾಕ್ಷಿ ಬಂದಿಲ್ಲ, ಆರೋಪೀನ ಜೈಲಿಂದ ಕರ್ಕೊಂಡು ಬರೋಕೆ ಎಸ್ಕಾರ್ಟ್ ಸಿಕ್ಕಿಲ್ಲ, ಸಾಹೇಬ್ರು ರಜೆ. ಇಷ್ಟನ್ನೇ ಬರೆದು ಬರೆದು ನನ್ನ ಕೈ ಸವೆದಿದೆ. ಅದನ್ನ ಯಾರಾದ್ರೂ ಓದ್ತಾರೆ ಅಂದ್ಕೊಂಡಿರಲಿಲ್ಲ."

ಓದುತ್ತಾರೆ. ತಡವಾದದ್ದು ಯಾರಿಂದ ಎಂದು ಬೆಂಗಳೂರಿನ ಹೈಕೋರ್ಟ್ ತೀರ್ಮಾನಿಸಿದ್ದೂ, ವಾಯಿದೆ ಕೇಳಿದವರು ಯಾರು ಎಂದು ದೆಹಲಿಯಲ್ಲಿ ಲೆಕ್ಕಕ್ಕೆ ಬಂದದ್ದೂ ಅಂಥ ಹಾಳೆಗಳಲ್ಲಿ ದಾಖಲಾಗುವ ದಿನಗಳಿಂದಲೇ. ಜಾಮೀನು ಬಿಗಿಯಾಗಿರಬೇಕು ಎನ್ನುವವರೂ ಸಡಿಲವಾಗಿರಬೇಕು ಎನ್ನುವವರೂ 22ನೇ ಕಲಮನ್ನು ಹಿಡಿದು ಜಗ್ಗುತ್ತಿದ್ದಾರೆ. ಅಷ್ಟು ವರ್ಷದ ಮೇಲೆ ಬಾಗಿಲು ತೆಗೆಯುವುದೋ ಮುಚ್ಚುವುದೋ ಶಿರಸ್ತೇದಾರರ ಆ ಒಂದು ಸಾಲು: ಸಾಕ್ಷಿ ಗೈರು, ಮುಂದಿನ ತಾರೀಖಿಗೆ.

ಕ್ಲಿಯರ್ ಲೇಕ್ ತಿರುವು ಬಂತು. ಮಾವನವರು ಕಿಟಕಿಯಾಚೆ ನೋಡುತ್ತಾ ಕೇಳಿದರು: "ಗೌರಿ ಕೇಸಿನ ಮುಂದಿನ ತಾರೀಖು ಯಾವತ್ತು?"